ತಮಟೆ ಬೆಂಕಿಯ ಕಡಲೆಕಾಯಿ

ತ್ಯಾಗರಾಜನಗರ
12 ಸೆಪ್ಟೆಂಬರ್ 2024

ಶ್ರೀ ಸಂಜೀವಯ್ಯನವರಿಗೆ,

ನಮಸ್ಕಾರ. ನನ್ನ ಹೆಸರು ಕಾತ್ಯಾಯಿನಿ. ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಕೂತು ರಿಟೈರ್ ಆದವಳು. ಈಗ ನಮ್ಮ ಕಡೆ ಹದಿನೈದು ದಿನಕ್ಕೊಮ್ಮೆ ಬರುವ ‘ದಕ್ಷಿಣ ದಿಕ್ಕು’ ಪತ್ರಿಕೆಗೆ ‘ಕಲೆಯೂ ಊಟವೂ’ ಎಂಬ ಅಂಕಣ ಬರೆಯುತ್ತೇನೆ. ಜಯನಗರ, ಜೆ.ಪಿ. ನಗರ, ಬನಶಂಕರಿ ಸುತ್ತಮುತ್ತಲಿನ ಕಲಾವಿದರನ್ನು ಹುಡುಕಿಕೊಂಡು ಹೋಗಿ ಮಾತಾಡಿಸುವುದು ನನ್ನ ಕೆಲಸ. ಊಟದ ಮಾತು ತೆಗೆದರೆ ಎಂಥ ಬಿಗುಮಾನದ ವಿದ್ವಾಂಸರೂ ಸಡಿಲವಾಗುತ್ತಾರೆ. ಹೋದ ತಿಂಗಳು ವೀಣೆಯ ಜಯಶೀಲಾ ಅವರು ರಾಗದ ಬಗ್ಗೆ ನಾಲ್ಕು ಮಾತಾಡಿ, ಮೆಂತ್ಯದ ದೋಸೆಯ ಬಗ್ಗೆ ನಲವತ್ತು ನಿಮಿಷ ಮಾತಾಡಿದರು. ಜೆ.ಪಿ. ನಗರದ ಚಿತ್ರಕಾರ ಶಶಿಧರ್ ಅವರು ಒಂದು ಚಿತ್ರ ಹಿಡಿದರೆ ಅದು ಮುಗಿಯುವವರೆಗೂ ಮೊಸರನ್ನ ಬಿಟ್ಟು ಬೇರೇನೂ ಮುಟ್ಟುವುದಿಲ್ಲವಂತೆ. ಅವರು ಹಾಗೆನ್ನುತ್ತಿದ್ದಾಗಲೇ ಅವರ ಹೆಂಡತಿ ಅಡುಗೆಮನೆಯಿಂದ, ‘ಎಲ್ಲಾ ಸುಳ್ಳು, ಬೋಂಡಾ ತಿಂತಾರೆ’ ಎಂದರು. ಅದನ್ನೂ ಹಾಗೇ ಬರೆದೆ.

ನಿಮ್ಮ ಮಗಳು ಸುಧಾಮಣಿ ನಮ್ಮ ರಸ್ತೆಯ ಶಾಲೆಯಲ್ಲಿ ಟೀಚರ್ ಆಗಿರುವುದರಿಂದ ನಿಮ್ಮ ವಿಷಯ ತಿಳಿಯಿತು. ಐವತ್ತು ವರ್ಷ ತಮಟೆ ಬಾರಿಸಿ ನಿಮಗೆ ಕಿವಿ ಮಂದವಾಗಿದೆ, ಫೋನಿನಲ್ಲಿ ಆಗುವುದಿಲ್ಲ, ಆದರೆ ಕಾಗದ ಬರೆದರೆ ನೀಟಾಗಿ ಉತ್ತರ ಬರೆಯುತ್ತೀರಿ ಎಂದು ಅವಳೇ ಹೇಳಿದಳು. ನನಗೂ ಕಾಗದ ಬರೆದು ಎಷ್ಟೋ ವರ್ಷವಾಯಿತು. ನಾನು ಎಲ್ಲರನ್ನೂ ಕೇಳುವುದು ಎರಡೇ ಪ್ರಶ್ನೆ. ನಿಮ್ಮ ಕೈಗೆ ಈ ಕಲೆ ಹೇಗೆ ಬಂತು? ನಿಮಗೆ ಬಹಳ ಇಷ್ಟವಾದ ತಿನಿಸು ಯಾವುದು, ಯಾಕೆ?

ಇನ್ನೊಂದು ಮಾತು. ಬರೆದದ್ದನ್ನು ಅಚ್ಚಿಗೆ ಕೊಡುವ ಮೊದಲು ಕಲಾವಿದರಿಗೆ ತೋರಿಸಿ, ಕೆಳಗೆ ‘ಓದಿದ್ದೇನೆ, ಒಪ್ಪಿದ್ದೇನೆ’ ಎಂದು ಸಹಿ ಹಾಕಿಸಿಕೊಳ್ಳುತ್ತೇನೆ. ಬ್ಯಾಂಕಿನ ಚಟ, ಹೋಗುವುದಿಲ್ಲ. ಹಾಗಾಗಿ ನಿರಾತಂಕವಾಗಿ ಬರೆಯಿರಿ.

ನಿಮ್ಮ ಉತ್ತರಕ್ಕೆ ಕಾದಿರುವ,
ಕಾತ್ಯಾಯಿನಿ

---

ಕದಿರೇನಹಳ್ಳಿ
25 ಸೆಪ್ಟೆಂಬರ್ 2024

ಮೇಡಂ ಅವರಿಗೆ,

ಜೈ ಭೀಮ್. ನಿಮ್ಮ ಕಾಗದವನ್ನು ನಾಲ್ಕೈದು ಸಲ ಓದಿದೆ. ನಮ್ಮನ್ನು ಕರೆಯುವವರು ಎಷ್ಟು ಜನ ಬರ್ತೀರಾ, ಎಷ್ಟು ಹೊತ್ತು ಬಡೀತೀರಾ ಎಂದು ಕೇಳುತ್ತಾರೆ. ಈ ಕೈಗೆ ಹೇಗೆ ಬಂತು ಎಂದು ಕೇಳಿದವರು ನೀವೇ ಮೊದಲು. ನಾನು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಬರೆಯುವ ಅಭ್ಯಾಸ ಅಷ್ಟಿಲ್ಲ. ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮಪ್ಪ ತಮಟೆ ಬಾರಿಸುತ್ತಿದ್ದರು. ನನಗೆ ಏಳು ವರ್ಷವಾದಾಗ ತೀರಿಕೊಂಡರು. ಅವ್ವ ಅದಕ್ಕೂ ಮೊದಲೇ ಹೋಗಿದ್ದಳು. ನನ್ನನ್ನು ಸಾಕಿದವಳು ಅಕ್ಕ ಲಕ್ಕವ್ವ. ಆಗ ಅವಳಿಗೆ ಹದಿನೆಂಟು. ಜಯನಗರದಲ್ಲಿ ಆಗಿನ್ನೂ ಹೊಸ ಮನೆಗಳು ಏಳುತ್ತಿದ್ದವು. ಆ ಮನೆಗಳಲ್ಲಿ ಪಾತ್ರೆ ತಿಕ್ಕಿ, ಬಟ್ಟೆ ಒಗೆದು ನನ್ನನ್ನು ಓದಿಸಿದಳು. ಮದುವೆ ಮಾಡಿಕೊಳ್ಳಲಿಲ್ಲ.

ಅಪ್ಪನ ತಮಟೆ ಗೋಡೆಯ ಮೇಲೆ ತೂಗುತ್ತಿತ್ತು. ಹೆಂಗಸರು ತಮಟೆ ಮುಟ್ಟಬಾರದು ಎನ್ನುತ್ತಿದ್ದ ಕಾಲ ಅದು. ಅಕ್ಕ ಬಾರಿಸುತ್ತಿರಲಿಲ್ಲ. ಆದರೆ ತಮಟೆ ಕಾಯಿಸುವುದು ಅವಳಿಗೆ ಗೊತ್ತಿತ್ತು. ಬಾರಿಸುವ ಮೊದಲು ತೊಗಲನ್ನು ಬೆಂಕಿಗೆ ಹಿಡಿದು ಬಿಗಿ ಬರಿಸಬೇಕು ಮೇಡಂ. ಕಾವು ಕಡಿಮೆಯಾದರೆ ಸದ್ದು ಏಳುವುದಿಲ್ಲ, ಹೆಚ್ಚಾದರೆ ತೊಗಲು ಸೀಳುತ್ತದೆ. ಅಪ್ಪ ಬೆರಳಲ್ಲಿ ಮುಟ್ಟಿ ತಿಳಿಯುತ್ತಿದ್ದರು. ಏಳು ವರ್ಷದ ನನಗೆ ಅದು ಹೇಗೆ ತಿಳಿಯಬೇಕು?

ಅಕ್ಕ ಒಂದು ಉಪಾಯ ಮಾಡಿದಳು. ನಮ್ಮ ಮನೆಯಲ್ಲಿ ಕೊರಬಾಡು ಇರುತ್ತಿತ್ತು. ನಿಮಗೆ ಗೊತ್ತಿರಲಿಕ್ಕಿಲ್ಲ. ದನದ ಬಾಡನ್ನು ಉದ್ದುದ್ದ ಸೀಳಿ, ಉಪ್ಪು ಅರಿಶಿನ ಹಚ್ಚಿ, ಹಗ್ಗದ ಮೇಲೆ ಬಿಸಿಲಿಗೆ ಒಣಗಿಸಿ ಇಟ್ಟುಕೊಳ್ಳುವುದು. ನಾನು ತಮಟೆಯನ್ನು ಬೆಂಕಿಗೆ ಹಿಡಿದಾಗ ಅಕ್ಕ ಅದೇ ಬೆಂಕಿಯ ಅಂಚಿಗೆ ಒಂದು ಎಳೆ ಕೊರಬಾಡು ಹಾಕುತ್ತಿದ್ದಳು. ಅದು ಮೊದಲು ಬೆವರುತ್ತದೆ. ಆಮೇಲೆ ಚಿಟ್ ಎನ್ನುತ್ತದೆ. ಆಮೇಲೆ ಸುರುಳಿ ಸುತ್ತುತ್ತದೆ. ಸುತ್ತಿದ ಕೂಡಲೇ ‘ತೆಗಿ, ಬಡಿ’ ಎನ್ನುತ್ತಿದ್ದಳು. ಒಂದು ದಿನವೂ ತಪ್ಪಿಲ್ಲ. ಸುಟ್ಟ ಎಳೆಯನ್ನು ಎರಡು ಮಾಡಿ ಅರ್ಧ ನನಗೆ ಕೊಡುತ್ತಿದ್ದಳು, ಅರ್ಧ ಅವಳಿಗೆ. ಕೊರಬಾಡು ಬೇಗ ಅಗಿದು ಮುಗಿಯುವುದಿಲ್ಲ. ನಾನು ಅಗಿಯುತ್ತಾ ಬಾರಿಸುತ್ತಿದ್ದೆ, ಅಗಿಯುವ ಲೆಕ್ಕಕ್ಕೇ ಏಟು ಬೀಳುತ್ತಿತ್ತು. ನನ್ನ ತಾಳ ಅಲ್ಲಿಂದ ಬಂದದ್ದು. ನಿಮ್ಮ ಗುರು ಯಾರು ಎಂದರೆ ನಾನು ಅಕ್ಕನ ಹೆಸರು ಹೇಳಬೇಕು.

ನಿಮ್ಮ ಎರಡು ಪ್ರಶ್ನೆಗೂ ನನ್ನ ಹತ್ತಿರ ಇರುವುದು ಇದೊಂದೇ ಉತ್ತರ. ಅಕ್ಕನಿಗೆ ಓದಲು ಬರುವುದಿಲ್ಲ. ಪತ್ರಿಕೆಯಲ್ಲಿ ನಿನ್ನ ಹೆಸರು ಬರುತ್ತದೆ ಎಂದು ಹೇಳಿಬಿಟ್ಟಿದ್ದೇನೆ. ಬಂತಾ, ಬಂತಾ ಎಂದು ದಿನಾ ಪ್ರಾಣ ತಿನ್ನುತ್ತಿದ್ದಾಳೆ.

ಇಂತಿ,
ಸಂಜೀವಯ್ಯ

---

ತ್ಯಾಗರಾಜನಗರ
3 ನವೆಂಬರ್ 2024

ಸಂಜೀವಯ್ಯನವರಿಗೆ,

ತಡವಾಯಿತು, ಬೇಸರ ಮಾಡಿಕೊಳ್ಳಬೇಡಿ. ಬಾಯುಪಚಾರಕ್ಕೆ ಹೇಳುತ್ತಿಲ್ಲ, ನಿಮ್ಮ ಕಾಗದದಷ್ಟು ಚೆನ್ನಾದ ಉತ್ತರ ಈ ಮೂರು ವರ್ಷದಲ್ಲಿ ನನಗೆ ಬಂದೇ ಇಲ್ಲ. ಅಗಿಯುವ ಲೆಕ್ಕಕ್ಕೇ ಏಟು ಬೀಳುತ್ತಿತ್ತು ಎಂಬ ಸಾಲನ್ನು ಮನೆಗೆ ಬಂದವರಿಗೆಲ್ಲ ಹೇಳಿದ್ದೇನೆ.

ಲೇಖನದ ಕರಡು ಇದರ ಜೊತೆಗಿದೆ. ಒಂದೇ ಒಂದು ಕಡೆ ಕೈಯಾಡಿಸಿದ್ದೇನೆ. ಈ ಸಂಚಿಕೆ ಕಡಲೆಕಾಯಿ ಪರಿಷೆಯ ಹೊತ್ತಿಗೆ ಬರುತ್ತದೆ. ಹಾಗಾಗಿ ಕೊರಬಾಡು ಇದ್ದಲ್ಲಿ ಕಡಲೆಕಾಯಿ ಎಂದು ಮಾಡಿದ್ದೇನೆ. ಲಕ್ಕವ್ವನವರು ಬೆಂಕಿಗೆ ಕಡಲೆಕಾಯಿ ಹಾಕುತ್ತಾರೆ, ಅದು ಸಿಡಿದ ಕೂಡಲೇ ‘ತೆಗಿ, ಬಡಿ’ ಎನ್ನುತ್ತಾರೆ. ಭಾವ ಒಂದೇ ತಾನೆ? ನಮ್ಮ ಓದುಗರಲ್ಲಿ ಹಿರಿಯರೇ ಹೆಚ್ಚು. ಅವರ ಗಮನ ನಿಮ್ಮ ಕಲೆಯ ಮೇಲೆ ನಿಲ್ಲಬೇಕು, ಬೇರೆ ಚರ್ಚೆಗೆ ಹೋಗಬಾರದು ಎಂದು ನನ್ನ ಆಸೆ. ಬೇಡವಾದರೆ ಖಂಡಿತ ಹೇಳಿ, ಹಿಂದಿನ ಹಾಗೇ ಇಡೋಣ. ಸರಿ ಎನಿಸಿದರೆ ಕೆಳಗೆ ಸಹಿ ಹಾಕಿ ಕಳಿಸಿ. ಸಂಪಾದಕ ಅನಂತರಾಮು ಅವರಿಗೆ ಹದಿನೈದರೊಳಗೆ ಕೊಡಬೇಕು, ಆಮೇಲೆ ಅವರು ನನ್ನ ತಲೆ ತಿನ್ನುತ್ತಾರೆ.

ವಿಶ್ವಾಸದಿಂದ,
ಕಾತ್ಯಾಯಿನಿ

---

ಕದಿರೇನಹಳ್ಳಿ
9 ನವೆಂಬರ್ 2024

ಮೇಡಂ ಅವರಿಗೆ,

ಕರಡು ಓದಿದೆ. ಸಹಿ ಹಾಕಿದ್ದೇನೆ.

ಸಂಜೀವಯ್ಯ

---

ತ್ಯಾಗರಾಜನಗರ
2 ಡಿಸೆಂಬರ್ 2024

ಸಂಜೀವಯ್ಯನವರಿಗೆ,

ಅಬ್ಬಾ, ಏನು ಹೇಳಲಿ! ನಿಮ್ಮ ಲೇಖನಕ್ಕೆ ಬಂದಷ್ಟು ಫೋನು ನನ್ನ ಅಂಕಣಕ್ಕೆ ಎಂದೂ ಬಂದಿಲ್ಲ. ಬೆಳಿಗ್ಗೆ ವಾಕಿಂಗ್ ಹೋದರೆ ಪಾರ್ಕಿನಲ್ಲಿ ಅದೇ ಮಾತು. ಯಾವತ್ತೂ ತಪ್ಪು ಹುಡುಕುವ ನಮ್ಮ ಎದುರುಮನೆಯ ಸೀತಾಲಕ್ಷ್ಮಿಯವರು ಲೇಖನವನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದಾರೆ. ‘ತಮಟೆ ಬೆಂಕಿಯ ಕಡಲೆಕಾಯಿ’ ಎಂದು ಅನಂತರಾಮು ತಲೆಬರಹ ಕೊಟ್ಟದ್ದು ಚೆನ್ನಾಯಿತು. ಕತ್ರಿಗುಪ್ಪೆಯ ಒಂದು ಸಂಘದವರು ನಿಮಗೆ ಸನ್ಮಾನ ಮಾಡಬೇಕು ಎಂದು ವಿಳಾಸ ಕೇಳಿದರು, ಕೊಟ್ಟಿದ್ದೇನೆ.

ಐದು ಪ್ರತಿ ಕಳಿಸುತ್ತಿದ್ದೇನೆ. ಜೊತೆಗೆ ನಿಮ್ಮ ಅಕ್ಕನವರಿಗೆಂದು ಪರಿಷೆಯಲ್ಲಿ ಕೊಂಡ ಎರಡು ಸೇರು ಕಡಲೆಕಾಯಿ. ಸುಧಾಮಣಿಯ ಕೈಗೆ ಕೊಟ್ಟಿದ್ದೇನೆ. ಅವಳು ಯಾಕೋ ಹೆಚ್ಚು ಮಾತಾಡಲಿಲ್ಲ, ಪರೀಕ್ಷೆಯ ಕೆಲಸವಿರಬೇಕು.

ಸಂತೋಷದಿಂದ,
ಕಾತ್ಯಾಯಿನಿ

---

ಕದಿರೇನಹಳ್ಳಿ
20 ಡಿಸೆಂಬರ್ 2024

ಮೇಡಂ ಅವರಿಗೆ,

ಜೈ ಭೀಮ್. ಕಡಲೆಕಾಯಿ ತಲುಪಿತು. ಈ ತಿಂಗಳು ನನಗೆ ಬಂದಿರುವ ಕಡಲೆಕಾಯಿಯಲ್ಲಿ ಮನೆಗೆ ವರ್ಷದ ಎಣ್ಣೆ ತೆಗೆಸಬಹುದು. ಕತ್ರಿಗುಪ್ಪೆಯವರು ಶಾಲು ಹೊದಿಸಿ, ಕೊರಳಿಗೆ ಕಡಲೆಕಾಯಿಯ ಹಾರ ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟುವುದು ಕಾಣುತ್ತಿತ್ತು. ಕೈ ಮುಗಿದುಕೊಂಡು ನಿಂತಿದ್ದೆ.

ನಮ್ಮ ತಂಡದವರು ಎದುರಿಗೆ ಏನೂ ಅನ್ನುವುದಿಲ್ಲ, ನಾನು ಬೆನ್ನು ತಿರುಗಿಸಿದರೆ ನಗುತ್ತಾರೆ. ಕಿವಿ ಕೇಳದವನಿಗೆ ನಗು ಬೇಗ ಕಾಣುತ್ತದೆ. ತಮಟೆ ಕಾಯಿಸಿದವರಿಗೆಲ್ಲ ಗೊತ್ತಿರುವ ವಿಷಯ ಇದು. ಕಡಲೆಕಾಯಿ ಬೆಂಕಿಯಲ್ಲಿ ಹದವಾಗಿ ಸಿಡಿಯುವಷ್ಟು ಹೊತ್ತು ತೊಗಲನ್ನು ಹಿಡಿದರೆ ತೊಗಲು ಉಳಿಯುವುದಿಲ್ಲ. ಹೋದ ವಾರ ನನ್ನ ಹತ್ತಿರ ಕಲಿಯುವ ಕಾಲೇಜಿನ ಹುಡುಗಿ ಶಿಲ್ಪಶ್ರೀ, ನನಗೆ ಖುಷಿಯಾಗಲಿ ಎಂದು ಒಂದು ಹಿಡಿ ಕಡಲೆಕಾಯಿ ಬೆಂಕಿಗೆ ಹಾಕಿ, ಅದು ಸಿಡಿಯುವವರೆಗೂ ತಮಟೆ ಹಿಡಿದು ನಿಂತಳು. ನಾನು ಆ ಕಡೆ ನೋಡುವಷ್ಟರಲ್ಲಿ ಸೀದು, ನಡುವೆ ಸೀಳಿಹೋಯಿತು. ಅವಳದೇ ತಮಟೆ, ಟ್ಯೂಷನ್ ಹೇಳಿ ಕೊಂಡದ್ದು. ‘ನೀವೇ ಪೇಪರಲ್ಲಿ ಹೇಳಿದೀರಲ್ಲ ಸಾರ್’ ಎಂದಳು. ತುಟಿ ನೋಡಿ ತಿಳಿದುಕೊಂಡೆ. ನನಗೆ ಮುಖ ಎತ್ತಲು ಆಗಲಿಲ್ಲ.

ಅದನ್ನಾದರೂ ಸಹಿಸಬಹುದು. ಮನೆಯ ವಿಷಯ ಕೇಳಿ. ಪತ್ರಿಕೆ ಬಂದ ದಿನ ಸುಧಾಮಣಿ ಓದಿ ಹೇಳಿದಳು. ತನ್ನ ಹೆಸರು ಬಂದಾಗ ಅಕ್ಕ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಕಡಲೆಕಾಯಿ ಎಂದು ಬಂದಾಗ, ಇನ್ನೊಂದು ಸಲ ಓದು ಎಂದಳಂತೆ. ಸುಧಾ ಇನ್ನೊಂದು ಸಲ ಓದಿದಳು. ಅಕ್ಕ ಎದ್ದು ಹಿತ್ತಿಲಿಗೆ ಹೋದಳು. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ಊಟಕ್ಕೆ ಕೂತರೆ ನನ್ನ ತಟ್ಟೆಯ ಪಕ್ಕ ಒಂದು ಹಿಡಿ ಕಡಲೆಕಾಯಿ ಇಟ್ಟು ಹೋಗುತ್ತಾಳೆ. ದಿನಾ. ‘ನನ್ನ ಕೈಲಿ ತಿಂದಿದ್ದು ಹೇಳೋಕೆ ಅವನಿಗೆ ನಾಚಿಕೆ’ ಎಂದು ಸುಧಾಮಣಿಯ ಹತ್ತಿರ ಹೇಳಿದ್ದಾಳೆ. ಅಕ್ಕನಿಗೆ ಎಪ್ಪತ್ತೆಂಟು. ಹೀಗೇ ಮಾತು ಬಿಟ್ಟು ಹೋಗಿಬಿಟ್ಟರೆ ನಾನು ಬದುಕಿ ಏನು ಮಾಡಲಿ?

ನಾನು ಸರಿಯಾಗೇ ಬರೆದುಕೊಟ್ಟಿದ್ದೆ, ಮೇಡಂ ನನ್ನನ್ನು ಕೇಳದೆ ಬದಲಾಯಿಸಿದರು ಎಂದು ಅಕ್ಕನಿಗೆ ಹೇಳಿದೆ. ನಂಬಲಿಲ್ಲ. ನೀವು ಬಂದು ಹೇಳಿದರೆ ನಂಬುತ್ತಾಳೆ. ಕರಡು ನನಗೆ ಬಂದಿತ್ತು, ನಾನು ಓದಿ ಸಹಿ ಹಾಕಿದೆ ಎಂಬುದು ನಿಮಗೂ ನನಗೂ ಗೊತ್ತು. ಅದೊಂದನ್ನು ಮಾತ್ರ ಅವಳಿಗೆ ಹೇಳಬೇಡಿ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ, ಆದರೂ ಬರೆದಿದ್ದೇನೆ.

ಇಂತಿ,
ಸಂಜೀವಯ್ಯ

---

ತ್ಯಾಗರಾಜನಗರ
11 ಜನವರಿ 2025

ಸಂಜೀವಯ್ಯನವರಿಗೆ,

ನಿಮ್ಮ ಕಾಗದ ಬಂದು ಎರಡು ವಾರದ ಮೇಲಾಯಿತು. ಮಂಡಿ ನೋವು, ಮನೆಗೆ ಮಗಳು ತನ್ಮಯಿ ಬಂದಿದ್ದಾಳೆ, ಸಂಕ್ರಾಂತಿಗೆ ಎಳ್ಳು ಬೆಲ್ಲ ಮಾಡಬೇಕು ಎಂದು ದಿನಕ್ಕೊಂದು ನೆಪ ಹುಡುಕಿದೆ. ಎಲ್ಲವೂ ನಿಜವೇ, ಆದರೆ ಅವು ಯಾವುವೂ ಕಾರಣವಲ್ಲ. ನನಗೆ ನಿಮ್ಮ ಅಕ್ಕನವರ ಮುಖ ನೋಡಲು ಹೆದರಿಕೆ.

ನಿಜ ಹೇಳುತ್ತೇನೆ. ಓದುಗರಿಗಾಗಿ ಬದಲಾಯಿಸಿದೆ ಎಂದು ಬರೆದಿದ್ದೆನಲ್ಲ, ಅದು ಹಸಿ ಸುಳ್ಳು. ನಿಮ್ಮ ಕಾಗದ ಬಂದ ದಿನ ಖುಷಿಯಿಂದ ಊಟದ ಮೇಜಿನ ಹತ್ತಿರ ನಮ್ಮ ಯಜಮಾನರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಕೊರಬಾಡು ಎಂಬಲ್ಲಿಗೆ ಬಂದಾಗ ನನ್ನ ಬಾಯಿ ನಿಂತುಹೋಯಿತು. ‘ಏನೋ ಸುಟ್ಟುಕೊಂಡು ತಿಂತಿದ್ರಂತೆ’ ಎಂದು ಹಾರಿಸಿ ಮುಂದೆ ಓದಿದೆ. ಅವರು, ‘ಏನು, ಕಡಲೆಕಾಯಿನಾ?’ ಎಂದರು. ಹ್ಞೂಂ ಎಂದೆ. ಅಚ್ಚಾಗುವುದಕ್ಕೆ ಎರಡು ತಿಂಗಳ ಮೊದಲೇ ನಮ್ಮ ಮನೆಯಲ್ಲಿ ಅದು ಕಡಲೆಕಾಯಿ ಆಗಿತ್ತು. ಶಶಿಧರ್ ಅವರ ಬೋಂಡಾ ಹಾಗೇ ಇರಬಹುದು, ಜಯಶೀಲಾ ಅವರ ದೋಸೆಯ ಮೇಲಿನ ಬೆಣ್ಣೆಯೂ ಹಾಗೇ ಇರಬಹುದು. ನಿಮ್ಮ ಅಕ್ಕನವರ ಬಾಡು ಮಾತ್ರ ನನ್ನ ನಾಲಿಗೆಯ ಮೇಲೆ ಬರಕೂಡದು. ಓದಿದವಳು, ತಿಳಿದವಳು, ಕಲೆಗೆ ಜಾತಿಯಿಲ್ಲ ಎಂದು ಎರಡು ಸಲ ಅಂಕಣದಲ್ಲಿ ಬರೆದವಳು ನಾನು. ಅದನ್ನು ನೆನೆಸಿಕೊಂಡರೆ ಮೈಯೆಲ್ಲ ಹಿಡಿಯಾಗುತ್ತದೆ.

ತಿದ್ದುಪಡಿ ಹಾಕಿ ಎಂದು ಅನಂತರಾಮು ಅವರನ್ನು ಕೇಳಿದೆ. ‘ಬಿಡಿ ಮೇಡಂ, ಅದೇನ್ ದೊಡ್ಡ ವಿಷ್ಯ. ಅವರೇ ಸಹಿ ಹಾಕಿದಾರಲ್ಲ’ ಎಂದರು. ಹೌದಲ್ಲ ಎಂದು ನನಗೆ ಒಂದು ಗಳಿಗೆ ನೆಮ್ಮದಿಯಾಯಿತು. ಆಮೇಲೆ ಆ ನೆಮ್ಮದಿಗೇ ನಾಚಿಕೆಯಾಯಿತು. ಬೇಡವಾದರೆ ಹೇಳಿ ಎಂದು ನಾನು ಬರೆದಾಗ, ನೀವು ಬೇಡ ಎನ್ನಲಾರಿರಿ ಎಂದು ನನಗೆ ಗೊತ್ತಿತ್ತು. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗಲೂ ಹೀಗೇ, ‘ಎಲ್ಲಾ ಸರಿ ಇದೆ ತಾನೆ’ ಎಂದು ಕೇಳುತ್ತಿದ್ದೆ. ಇಲ್ಲ ಎಂದವರನ್ನು ನಾನು ನೋಡಿಲ್ಲ.

ನಿಮ್ಮ ಅಕ್ಕನವರಿಗೆ ಎಲ್ಲವನ್ನೂ ವಿವರವಾಗಿ ಬರೆದು ಕಳಿಸಲೇ? ಸುಧಾಮಣಿ ಓದಿ ಹೇಳಬಹುದು.

ಕಾತ್ಯಾಯಿನಿ

---

ಕದಿರೇನಹಳ್ಳಿ
23 ಜನವರಿ 2025

ಮೇಡಂ ಅವರಿಗೆ,

ಜೈ ಭೀಮ್. ಬರೆದದ್ದನ್ನು ಓದಿಸಿ ಕೇಳಿ ಅಕ್ಕನಿಗೆ ಸಾಕಾಗಿದೆ. ಬಾಯಲ್ಲೇ ಹೇಳಬೇಕು.

ಬನಶಂಕರಿ ಬಸ್ ಸ್ಟ್ಯಾಂಡಿನಿಂದ ಆಟೋ ಸಿಗುತ್ತದೆ. ನಮ್ಮ ಮನೆಗೆ ಮೆಟ್ಟಿಲಿಲ್ಲ, ನಿಮ್ಮ ಮಂಡಿಗೆ ತೊಂದರೆಯಾಗುವುದಿಲ್ಲ.

ಸಂಜೀವಯ್ಯ

---

ತ್ಯಾಗರಾಜನಗರ
10 ಫೆಬ್ರವರಿ 2025

ಸಂಜೀವಯ್ಯನವರಿಗೆ,

ನಿನ್ನೆ ನಿಮ್ಮ ಮನೆಗೆ ಬಂದಿದ್ದೆ. ಭಾನುವಾರ ಬೆಳಿಗ್ಗೆ ನೀವು ತಂಡದ ಅಭ್ಯಾಸಕ್ಕೆ ಹೋಗಿರುತ್ತೀರಿ ಎಂದು ಸುಧಾಮಣಿಯನ್ನು ಕೇಳಿ ತಿಳಿದುಕೊಂಡೇ ಬಂದೆ. ನಿಮ್ಮ ಎದುರಿಗೆ ಆ ಸುಳ್ಳು ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ಲಕ್ಕವ್ವನವರು ಬಾಗಿಲಲ್ಲೇ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ನಾನು ಯಾರೆಂದು ಸುಧಾಮಣಿ ಹೇಳಿದರೂ ತಲೆ ಎತ್ತಲಿಲ್ಲ. ಕುರ್ಚಿ ಬಂತು. ನನಗೆ ಅದರ ಮೇಲೆ ಕೂರಲು ಮುಜುಗರ, ಕೆಳಗೆ ಕೂರಲು ಮಂಡಿ ಬಿಡದು. ಕೊನೆಗೆ ಕುರ್ಚಿಯ ತುದಿಯಲ್ಲಿ ಕೂತೆ. ಆಟೋದಲ್ಲಿ ಬರುವಾಗ ಏನೇನೋ ಜೋಡಿಸಿಕೊಂಡಿದ್ದೆ, ಅವರ ಎದುರು ಒಂದೂ ನೆನಪಿಗೆ ಬರಲಿಲ್ಲ. ನಿಮ್ಮ ತಮ್ಮ ಕೊರಬಾಡು ಎಂದೇ ಬರೆದಿದ್ದರು, ನಾನು ಅದನ್ನು ತೆಗೆದು ಕಡಲೆಕಾಯಿ ಎಂದು ಹಾಕಿದೆ ಎಂದೆ. ಆ ಪದ ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಹೇಳಿದ ಮೇಲೆ ಏನೂ ಆಗಲಿಲ್ಲ. ಇಷ್ಟಕ್ಕೆ ಇಷ್ಟೆಲ್ಲ ಮಾಡಿದೆನಲ್ಲ ಎನಿಸಿತು.

‘ಯಾಕೆ?’ ಎಂದು ಕೇಳಿದರು.

ಓದುವವರಿಗೆ ಬೇಸರವಾಗುತ್ತದೆ ಎಂದು, ಅಂದೆ.

‘ಓದೋರಿಗಾ, ನಿಮಗಾ?’

ನನಗೇ, ಎಂದೆ.

ಅವರು ಇನ್ನೆರಡು ಹಣ್ಣು ಬಿಡಿಸಿದರು. ಆಮೇಲೆ ಮೊದಲ ಸಲ ನನ್ನನ್ನು ನೇರವಾಗಿ ನೋಡಿ, ‘ಅಚ್ಚಾಕೋಕ್ ಮುಂಚೆ ಅವನಿಗೆ ತೋರಿಸಿದ್ರಾ?’ ಎಂದರು. ಇಲ್ಲ ಎಂದೆ. ನೀವು ಕೇಳಿಕೊಂಡಿದ್ದಕ್ಕೆ ಹೇಳಿದೆ, ಆದರೆ ನಿಮಗೆ ಅಷ್ಟಾದರೂ ಮಾಡಬೇಕು ಎಂದು ನನಗೂ ಇತ್ತು. ಹೇಳುವಾಗ ಅವರ ಕಣ್ಣು ನೋಡಲಿಲ್ಲ, ಮೊರದಲ್ಲಿದ್ದ ಹುಣಸೆಬೀಜ ನೋಡುತ್ತಿದ್ದೆ. ನಂಬಿದರೋ ಇಲ್ಲವೋ ತಿಳಿಯದು.

ಅಲ್ಲಿಗೆ ಎದ್ದು ಬರಬೇಕಿತ್ತು. ಬುದ್ಧಿಯಿಲ್ಲದವಳು, ಇನ್ನೊಂದು ಮಾತಾಡಿದೆ. ಇವತ್ತು ನಿಮ್ಮ ಕೈಯಡುಗೆ ಊಟ ಮಾಡಿಕೊಂಡೇ ಹೋಗುತ್ತೇನೆ, ಏನಿದ್ದರೂ ಸರಿ ಎಂದೆ. ಅದನ್ನು ಹೇಳುವಾಗ ನನ್ನ ಬಗ್ಗೆ ನನಗೇ ಸ್ವಲ್ಪ ಹೆಮ್ಮೆಯಾಗಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಲಕ್ಕವ್ವನವರು ಕೋಪ ಮಾಡಿಕೊಳ್ಳಲಿಲ್ಲ. ‘ನಿಮ್ಮ ನಾಚಿಕೆ ತೊಳ್ಕೊಳ್ಳೋಕೆ ನಮ್ಮನೆ ಸಾರು ಯಾಕಮ್ಮಾ? ಮನೆಗೋಗಿ ಉಣ್ಣಿ’ ಎಂದರು. ಸುಧಾಮಣಿ ಟೀ ಕೊಟ್ಟಳು. ಕುಡಿದು, ನಮಸ್ಕಾರ ಹೇಳಿ ಬಂದೆ.

ಶಿಲ್ಪಶ್ರೀಯನ್ನೂ ಹುಡುಕಿ ಮಾತಾಡಿದೆ. ಅವಳಿಗೆ ಬೇರೆ ತಮಟೆ ಕೊಡಿಸುತ್ತೇನೆ. ಇನ್ನು ತಿದ್ದುಪಡಿ ಹಾಕದಿದ್ದರೆ ಅಂಕಣವೇ ಬೇಡ ಎಂದು ಅನಂತರಾಮು ಅವರಿಗೆ ಹೇಳಿದ ಮೇಲೆ, ಮುಂದಿನ ಸಂಚಿಕೆಯಲ್ಲಿ ನಾಲ್ಕು ಸಾಲು ಜಾಗ ಕೊಟ್ಟಿದ್ದಾರೆ. ತಪ್ಪೆಲ್ಲ ನನ್ನದು ಎಂದು ಬರೆಯುತ್ತೇನೆ. ನಿಮ್ಮ ಸಹಿಯ ವಿಷಯ ಅಲ್ಲೂ ಬರುವುದಿಲ್ಲ. ಇಪ್ಪತ್ತೈದರೊಳಗೆ ಕೊಡಬೇಕು.

ಕಾತ್ಯಾಯಿನಿ

---

ಕದಿರೇನಹಳ್ಳಿ
17 ಫೆಬ್ರವರಿ 2025

ಮೇಡಂ ಅವರಿಗೆ,

ಜೈ ಭೀಮ್. ನಾಲ್ಕು ಸಾಲನ್ನು ಇನ್ನೂ ಕೊಟ್ಟಿರದಿದ್ದರೆ ತಡೆಯಿರಿ. ನನ್ನ ಸಹಿಯ ವಿಷಯವೂ ಅದರಲ್ಲಿ ಬರಬೇಕು. ಬದಲಾಯಿಸಿದವರು ನೀವು, ಓದಿ ಒಪ್ಪಿದವನು ಸಂಜೀವಯ್ಯ ಎಂದು ಇಬ್ಬರ ಹೆಸರೂ ಹಾಕಿ. ಯಾಕೆ ಎಂದು ಹೇಳುತ್ತೇನೆ.

ನೀವು ಬಂದು ಹೋದ ದಿನ ಮಧ್ಯಾಹ್ನ ನಾನು ಊಟಕ್ಕೆ ಕೂತಾಗ ತಟ್ಟೆಯ ಪಕ್ಕ ಕಡಲೆಕಾಯಿ ಇರಲಿಲ್ಲ. ಅಕ್ಕ ತಾನೇ ಮುದ್ದೆ ಇಟ್ಟು, ಎದುರಿಗೆ ಕೂತು, ಉಣ್ಣು ಎಂದು ಕೈ ತೋರಿಸಿದಳು. ಅವಳ ಮುಖದಲ್ಲಿ ಎಷ್ಟು ಸಮಾಧಾನವಿತ್ತು ಎಂದರೆ ನಾನು ತಟ್ಟೆ ನೋಡಿಕೊಂಡೇ ಉಂಡೆ. ಆದರೂ ಬಾಯಿ ಬಿಡಲಿಲ್ಲ. ಮಾರನೆಯ ದಿನವೂ ಉಂಡೆ. ಅದರ ಮಾರನೆಯ ದಿನವೂ. ನನ್ನ ಮೇಲೆ ಸಿಟ್ಟು ಮಾಡಿಕೊಂಡು ಕಡಲೆಕಾಯಿ ಇಡುತ್ತಿದ್ದಾಗ ಹೇಗೋ ಉಣ್ಣುತ್ತಿದ್ದೆ. ಅವಳು ನಂಬಿ ಬಡಿಸಿದ್ದನ್ನು ಉಣ್ಣುವುದು ಬಹಳ ಕಷ್ಟ ಮೇಡಂ. ನಾಲ್ಕನೇ ದಿನ ನಿಮ್ಮ ಕಾಗದ ಬಂತು. ಅವಳು ನಿಮ್ಮನ್ನು ನೇರವಾಗಿ ಕೇಳಿದ್ದು, ನೀವು ಇಲ್ಲ ಎಂದದ್ದು ಓದಿದೆ. ನನ್ನ ನಾಚಿಕೆ ಮುಚ್ಚಲು ಇನ್ನೊಬ್ಬರ ಕೈಲಿ ನಮ್ಮಕ್ಕನಿಗೆ ಸುಳ್ಳು ಹೇಳಿಸಿದೆನಲ್ಲ ಎಂದು ಕೂರಲಾಗಲಿಲ್ಲ.

ಅಕ್ಕನ ಹತ್ತಿರ ಹೋಗಿ ಹೇಳಿದೆ. ಮೇಡಂ ನನಗೆ ತೋರಿಸಿದ್ದರು, ನಾನೇ ಸಹಿ ಹಾಕಿದೆ ಎಂದೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಿಮ್ಮ ಕರಡು ಓದಿದಾಗ ನನಗೆ ಸಿಟ್ಟು ಬಂದಿರಲಿಲ್ಲ. ಹಗುರವಾಯಿತು. ಸುಧಾಮಣಿಯ ಶಾಲೆಯವರು ಓದುತ್ತಾರೆ, ಡಿಪೋದಲ್ಲಿ ಜೊತೆಗಿದ್ದವರು ಓದುತ್ತಾರೆ, ಕಡಲೆಕಾಯಿಯೇ ಇರಲಿ ಎಂದುಕೊಂಡೆ. ನಿಮಗೆ ಮೊದಲ ಕಾಗದ ಬರೆದು ಅಂಚೆಗೆ ಹಾಕಿದ ದಿನದಿಂದ ಯಾಕಾದರೂ ಬರೆದೆನೋ ಎಂದು ಒದ್ದಾಡುತ್ತಿದ್ದೆ. ನೀವು ತೆಗೆದಿರಿ, ನಾನು ಬದುಕಿದೆ ಎಂದುಕೊಂಡೆ. ಅಕ್ಕ ಅಂದದ್ದು ಸರಿಯಾಗಿಯೇ ಇತ್ತು. ಅವಳ ಕೈಲಿ ತಿಂದದ್ದನ್ನು ಹೇಳಲು ನನಗೆ ನಾಚಿಕೆಯಾಗಿತ್ತು.

ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ಹತ್ತಿರ ಸರಿದು, ನನ್ನ ತಲೆ ಹಿಡಿದು ತಿರುಗಿಸಿ, ಕಿವಿಗೆ ಬಾಯಿಟ್ಟು ಹೇಳಿದಳು. ಒಂದೊಂದು ಮಾತೂ ಕೇಳಿಸಿತು.

‘ನಾನ್ ಕೆಲಸಕ್ಕೋಗ್ತಿದ್ದ ಮನೆಗಳಲ್ಲಿ, ಇವತ್ತೇನು ಲಕ್ಕವ್ವ ನಿಮ್ಮನೆ ಸಾರು ಅಂತ ಕೇಳೋರು. ಸೊಪ್ಪಿನ ಸಾರು ಅಂತಿದ್ದೆ. ಮೂವತ್ತು ವರ್ಷ, ಏನ್ ಮಾಡಿದ್ರೂ ಸೊಪ್ಪಿನ ಸಾರೇ. ನೀನ್ ಓದಿದೋನು, ನೀನಾದ್ರೂ ಹೇಳ್ತೀಯ ಅಂತಿದ್ದೆ.’

ಇಂತಿ,
ಸಂಜೀವಯ್ಯ